ಜಮೈಕಾದ ಸಣ್ಣ ಒಕ್ಕಲು ಮತ್ತು ಬಾಳೆಯ ಮಾರಾಟ: ೧೮೩೮ರಿಂದ ೧೯೩೭ರವರೆಗೆ

೧. ಪೀಠಿಕೆ

ವ್ಯವಸಾಯದ ಚರಿತ್ರೆಯನ್ನು ಕುರಿತು ನಮ್ಮಲ್ಲಿ ಬಂದಿರುವ ಗ್ರಂಥಗಳು ಬಹುಮಟ್ಟಿಗೆ ಭೂಮಿಯ ಚರಿತ್ರೆಗಳಾಗಿವೆ. ಭೂಮಿ ಯಾರದು, ಕಂದಾಯವೆಷ್ಟು, ಗೇಣಿಯ ಕ್ರಮವೇನು, ಕೆರೆ ಕಾಲುವೆಗಳ ಏರ್ಪಾಡು ಹೇಗಿದ್ದಿತು ಎಂಬ ಪ್ರಶ್ನೆಗಳಿಗೆ ವಿದ್ವಾಂಸರು ಶ್ರಮವಹಿಸಿ ಉತ್ತರ ಹುಡುಕಿದ್ದಾರೆ. ಬೆಳೆದ ಪದಾರ್ಥವು ಒಕ್ಕಲಿಗನ ಕೈಯಿಂದ ಯಾರ ಕೈಗೆ ಹೋಯಿತು, ಯಾವ ಅಳತೆಯಿಂದ ಹೋಯಿತು, ಯಾವ ದರಕ್ಕೆ ಹೋಯಿತು ಎಂಬ ಪ್ರಶ್ನೆಗೆ ಅಷ್ಟು ಗಮನ ದೊರೆತಿಲ್ಲ. ಧಾನ್ಯದ ವಿಷಯದಲ್ಲಿ ಈ ಕೊರತೆಯನ್ನು ಒಂದು ಮಟ್ಟಿಗೆ ಸಹಿಸಬಹುದು. ದರ ಕುಸಿದಾಗ ಅನುಕೂಲವುಳ್ಳ ರೈತನು ರಾಗಿಯನ್ನು ಹಗೇವಿಗೆ ಹಾಕಿ ಕಾಯಬಲ್ಲನು. ಹಣ್ಣಿಗೆ ಹಗೇವಿಲ್ಲ. ಕೊಯ್ದ ಹಣ್ಣು ಕೆಲವು ದಿನಗಳಲ್ಲಿ ಮಾರಾಟವಾಗಬೇಕು, ಇಲ್ಲವೇ ಕೊಳೆಯಬೇಕು. ಆದುದರಿಂದ ಹಣ್ಣು ಬೆಳೆಯುವವನ ಚರಿತ್ರೆಯನ್ನು ಅವನ ಭೂಮಿಯಿಂದ ಮಾತ್ರವೇ ಅರಿಯಲಾಗದು. ಅವನ ಹಣ್ಣನ್ನು ಕೊಂಡವರನ್ನೂ ನೋಡಬೇಕು.

ಪ್ರಸ್ತುತ ಲೇಖನದಲ್ಲಿ ನಾವು ಈ ಪ್ರಶ್ನೆಯನ್ನು ವೆಸ್ಟ್ ಇಂಡೀಸಿನ ಜಮೈಕಾ ದ್ವೀಪದ ನಿದರ್ಶನದಿಂದ ವಿವೇಚಿಸಲು ಯತ್ನಿಸಿದ್ದೇವೆ. ದೂರದ ಆ ದ್ವೀಪವನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ದಾಸ್ಯದಿಂದ ಬಿಡುಗಡೆ ಹೊಂದಿದ ಜನ ಅಲ್ಲಿ ಎರಡು ಮೂರು ಎಕರೆಗಳ ಒಕ್ಕಲುಗಳಾಗಿ ನೆಲೆನಿಂತರು; ತಾವೇ ಒಂದು ಹಣ್ಣನ್ನು ವಿದೇಶದ ಪೇಟೆಗೆ ಬೆಳೆದರು; ಕೊಳ್ಳುವವನೊಬ್ಬನು ಬಂದ; ಕೊಳ್ಳುವವನು ಒಬ್ಬನೇ ಆದ; ಕಡೆಗೆ ಬೆಳೆಗಾರರೇ ಕೂಡಿ ತಮ್ಮ ಹಣ್ಣನ್ನು ತಾವೇ ಮಾರಲು ಹೊರಟರು. ಈ ಅವಸ್ಥೆಗಳೆಲ್ಲ ನೂರು ವರ್ಷಗಳೊಳಗೆ ಒಂದೇ ಸ್ಥಳದಲ್ಲಿ, ಒಂದೇ ಬೆಳೆಯ ವಿಷಯದಲ್ಲಿ, ಒಂದರ ಹಿಂದೊಂದು ಕಾಣಸಿಗುತ್ತವೆ. ಬೆಳೆಗಾರರ ಆ ಕೊನೆಯ ಯತ್ನವು ಏಳೆಂಟು ವರ್ಷಗಳಲ್ಲಿ ವಿಫಲವಾಯಿತೆಂದು ಸಾಮಾನ್ಯವಾಗಿ ಹೇಳುವುದುಂಟು. ಆ ತೀರ್ಮಾನವನ್ನು ಪುನಃ ಪರಿಶೀಲಿಸಬೇಕೆಂಬುದು ನಮ್ಮ ಅಭಿಪ್ರಾಯ.

೨. ವಿಮೋಚನೆಯ ಅನಂತರದ ಒಕ್ಕಲು

ಬ್ರಿಟಿಷ್ ಪಾರ್ಲಿಮೆಂಟು ೧೮೩೩ರಲ್ಲಿ ಮಾಡಿದ ಶಾಸನದಂತೆ ೧೮೩೪ರ ಆಗಸ್ಟ್ ೧ರಂದು ಗುಲಾಮಗಿರಿ ರದ್ದಾಯಿತು. ಆದರೆ ಹಳೆಯ ಯಜಮಾನರಲ್ಲಿಯೇ ಉಮೇದುವಾರರಾಗಿ ದುಡಿಯಬೇಕೆಂಬ ನಿರ್ಬಂಧವೊಂದು ಉಳಿಯಿತು. ಅದೂ ಕೊನೆಗೊಂಡು ಪೂರ್ಣ ಬಿಡುಗಡೆ ದೊರೆತುದು ೧೮೩೮ರ ಆಗಸ್ಟ್ ೧ರಂದು. ಬಿಡುಗಡೆಯಾದ ಜನರಲ್ಲಿ ಬಹುಮಂದಿ ಕಬ್ಬಿನ ತೋಟಗಳನ್ನು ಬಿಟ್ಟು ಬೆಟ್ಟದ ಬದಿಗಳಲ್ಲಿ ಸ್ವಂತ ತುಂಡು ನೆಲಗಳನ್ನು ಸಂಪಾದಿಸಿಕೊಂಡರು. ಬ್ಯಾಪ್ಟಿಸ್ಟ್ ಪಾದ್ರಿಗಳು ದೊಡ್ಡ ಜಮೀನುಗಳನ್ನು ಕೊಂಡು, ಅವನ್ನು ಸಣ್ಣ ಭಾಗಗಳಾಗಿ ವಿಂಗಡಿಸಿ ಈ ಜನರಿಗೆ ಮಾರಿದರು. ಜೇಮ್ಸ್ ಫಿಲಿಪೊ ಎಂಬ ಪಾದ್ರಿಯ ಯತ್ನದಿಂದ ನೆಲೆಗೊಂಡ ಸ್ಲೈಗೋವಿಲ್ ಇಂಥ ಸ್ವತಂತ್ರ ಗ್ರಾಮಗಳಲ್ಲಿ ಪ್ರಸಿದ್ಧವಾದುದು.

ಮಾರಾಟದ ಅನುಭವ ಈ ಜನರಿಗೆ ಹೊಸದಾಗಿರಲಿಲ್ಲ. ಗುಲಾಮಗಿರಿಯ ಕಾಲದಲ್ಲಿಯೇ ಯಜಮಾನರು ಅವರ ಆಹಾರದ ಖರ್ಚನ್ನು ಉಳಿಸಿಕೊಳ್ಳಲು ಬೆಟ್ಟದ ಬದಿಯಲ್ಲಿ ತುಂಡು ಭೂಮಿಯನ್ನು ಬಿಟ್ಟುಕೊಡುತ್ತಿದ್ದರು. ಅಲ್ಲಿ ಬೆಳೆದ ಗೆಡ್ಡೆಗೆಣಸುಗಳಲ್ಲಿ ಮಿಕ್ಕುದನ್ನು ಭಾನುವಾರದ ಸಂತೆಯಲ್ಲಿ ಮಾರುವ ಪದ್ಧತಿ ಬೇರೂರಿತ್ತು. ಬಿಡುಗಡೆಯ ಅನಂತರ ಈ ವ್ಯಾಪಾರ ಬಹುಪಾಲು ಹೆಂಗಸರ ಕೈಯಲ್ಲಿ ಬೆಳೆಯಿತು. ತಲೆಹೊರೆಯ ಮೇಲೆ ಅಥವಾ ಕತ್ತೆಯ ಬೆನ್ನ ಮೇಲೆ ಸರಕನ್ನು ಪಟ್ಟಣಕ್ಕೆ ಒಯ್ದು ಮಾರುವ ಈ ಹೆಂಗಸರಿಂದ ಒಕ್ಕಲಿನ ದಿನದ ಖರ್ಚು ನಡೆಯುತ್ತಿತ್ತು. ಆದರೆ ಊರ ಸಂತೆಯಲ್ಲಿ ಕೊಳ್ಳುವವರೂ ಬಡವರೇ. ಭೂಮಿಯ ಬೆಲೆ, ತೆರಿಗೆ, ಬಟ್ಟೆ, ಮಕ್ಕಳ ವಿದ್ಯೆ ಇವುಗಳಿಗೆ ಬೇಕಾದ ನಗದು ಹಣ ಆ ಸಂತೆಯಿಂದ ಹುಟ್ಟುವಂತಿರಲಿಲ್ಲ.

ಇತ್ತ ದೊಡ್ಡ ತೋಟಗಳ ಸ್ಥಿತಿಯೂ ಕೆಟ್ಟಿತು. ವಸಾಹತುಗಳ ಸಕ್ಕರೆಗೆ ಇಂಗ್ಲೆಂಡಿನಲ್ಲಿ ದೊರೆಯುತ್ತಿದ್ದ ಸುಂಕದ ರಿಯಾಯಿತಿ ೧೮೪೬ರ ಶಾಸನದಿಂದ ಕ್ರಮೇಣ ಇಲ್ಲವಾಯಿತು. ಅನೇಕ ಕಬ್ಬಿನ ತೋಟಗಳು ಪಾಳುಬಿದ್ದವು. ನ್ಯಾಯ, ತೆರಿಗೆ, ಭೂಮಿ ಇವುಗಳ ಬಗೆಗೆ ಜನರಲ್ಲಿದ್ದ ಅಸಮಾಧಾನ ೧೮೬೫ರ ಅಕ್ಟೋಬರಿನಲ್ಲಿ ಮೊರಾಂಟ್ ಬೇ ಎಂಬಲ್ಲಿ ದಂಗೆಯಾಗಿ ಸಿಡಿಯಿತು. ಗವರ್ನರ್ ಐರ್ ಅದನ್ನು ಅತಿಕ್ರೂರವಾಗಿ ಅಡಗಿಸಿದನು. ನಾಯಕ ಪಾಲ್ ಬೋಗಲ್‌ನನ್ನೂ ಶಾಸನಸಭೆಯ ಸದಸ್ಯ ಜಾರ್ಜ್ ವಿಲಿಯಂ ಗಾರ್ಡನ್‌ನನ್ನೂ ಗಲ್ಲಿಗೇರಿಸಲಾಯಿತು. ೧೮೬೬ರಲ್ಲಿ ದ್ವೀಪವು ನೇರವಾಗಿ ರಾಜಾಧಿಕಾರಕ್ಕೆ ಒಳಪಟ್ಟಿತು. ಬಾಳೆಯ ವ್ಯಾಪಾರ ತಲೆದೋರಿದುದು ಇದಾದ ನಾಲ್ಕು ವರ್ಷಗಳ ಅನಂತರ ಎಂಬುದನ್ನು ನಾವು ನೆನಪಿನಲ್ಲಿಡಬೇಕು.

೩. ಕೊಳ್ಳುವವನ ಆಗಮನ

ಲೊರೆಂಜೊ ಡೌ ಬೇಕರ್ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದವನು. 'ಟೆಲಿಗ್ರಾಫ್' ಎಂಬ ಹಾಯಿಹಡಗಿನ ನಾವಿಕ. ಅವನು ೧೮೭೦ರಲ್ಲಿ ಜಮೈಕಾದಿಂದ ೧೬೦ ಬಾಳೆಗೊನೆಗಳನ್ನು ಹೇರಿಕೊಂಡು ಹೋಗಿ, ಹನ್ನೊಂದು ದಿನಗಳಲ್ಲಿ ನ್ಯೂಯಾರ್ಕಿನ ಎದುರುದಡವಾದ ಜರ್ಸಿ ಸಿಟಿಯನ್ನು ಮುಟ್ಟಿ ಅವನ್ನು ಮಾರಿದನು. ಗೊನೆಯೊಂದಕ್ಕೆ ಒಂದು ಷಿಲ್ಲಿಂಗ್ ಕೊಟ್ಟು ಕೊಂಡು ಎರಡು ಡಾಲರಿಗೆ ಮಾರಿದನೆಂದು ಪರಂಪರೆಯಾಗಿ ಹೇಳುತ್ತ ಬಂದಿದ್ದಾರೆ. ಒಂದು ಡಾಲರು ಆಗ ನಾಲ್ಕು ಷಿಲ್ಲಿಂಗಿಗೆ ತುಸು ಹೆಚ್ಚು. ಎಂದರೆ ಮಾರಿದ ಬೆಲೆ ಕೊಂಡ ಬೆಲೆಯ ಎಂಟು ಪಟ್ಟು. ಈ ಲಾಭದ ರುಚಿ ಕಂಡ ಬೇಕರನು ಮರಳಿ ಮರಳಿ ಬಂದನು. ಪೋರ್ಟ್ ಆಂಟೋನಿಯೊ ಬಂದರು ಅವನ ವ್ಯಾಪಾರದ ಕೇಂದ್ರವಾಯಿತು.

ಹಡಗು ಬಂದೊಡನೆ ಹಣ್ಣು ಒದಗಿದುದು ಯಾರಿಂದ ಎಂಬುದು ಗಮನಾರ್ಹವಾಗಿದೆ. ಬಾಳೆಯನ್ನು ಮೊದಲು ಮಾರಿದವರು ಪೋರ್ಟ್‌ಲೆಂಡ್, ಸೇಂಟ್ ಮೇರಿ ಮೊದಲಾದ ಮಳೆನಾಡಿನ ಸಣ್ಣ ಒಕ್ಕಲುಗಳು. ದೊಡ್ಡ ತೋಟಗಾರರು ಇದನ್ನು ಕಾಡುಹಳ್ಳಿಯ ಕರಿಯರ ವ್ಯಾಪಾರವೆಂದು ತುಚ್ಛವಾಗಿ ಕಂಡು ದೂರವಿದ್ದರು. ಒಕ್ಕಲಿಗೆ ಬಾಳೆ ಹಿಡಿಸಿದುದಕ್ಕೆ ಸ್ಪಷ್ಟವಾದ ಕಾರಣಗಳಿವೆ. ಕಬ್ಬಿಗೆ ಗಾಣ ಬೇಕು, ಕೊಪ್ಪರಿಗೆ ಬೇಕು, ಬಂಡವಾಳ ಬೇಕು. ಕಾಫಿಗೆ ನಾಲ್ಕೈದು ವರ್ಷಗಳ ತಾಳ್ಮೆ ಬೇಕು. ಬಾಳೆಯ ಕಂದನ್ನು ನೆರೆಯವನಿಂದ ಕೇಳಿ ತಂದು ನೆಟ್ಟರೆ ಒಂದು ವರ್ಷ ಅಥವಾ ಅದಕ್ಕೆ ತುಸು ಮೇಲೆ ಗೊನೆ ಬರುತ್ತದೆ. ಬುಡದಲ್ಲಿ ಮತ್ತೆ ಕಂದುಗಳು ಏಳುತ್ತವೆ. ಜೊತೆಗೆ ಗೆಡ್ಡೆಗೆಣಸನ್ನೂ ಕೋಕೋವನ್ನೂ ಬೆಳೆಯಬಹುದು. ಹಡಗಿಗೆ ಬೇಡವಾದ ಕಾಯನ್ನು ಬೇಯಿಸಿ ತಿನ್ನಬಹುದು. ಮೇಲಾಗಿ, ಗ್ರೋ ಮಿಷೆಲ್ ಎಂಬ ತಳಿ ಆ ದ್ವೀಪಕ್ಕೆ ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿಯೇ ಮಾರ್ಟಿನಿಕ್‌ನಿಂದ ಬಂದಿದ್ದಿತು. ದೊಡ್ಡ ಗೊನೆ, ದಪ್ಪ ಸಿಪ್ಪೆ. ದೂರದ ಪ್ರಯಾಣವನ್ನು ತಾಳಿಕೊಳ್ಳುವ ಗುಣ ಅದಕ್ಕೆ ಸಹಜವಾಗಿದ್ದಿತು.

ಹೀಗೆ ಸಣ್ಣ ಒಕ್ಕಲು ಕೊಳ್ಳುವವನನ್ನು ಹುಡುಕಿಕೊಂಡು ಹೋಗಲಿಲ್ಲ. ಕೊಳ್ಳುವವನೇ ಬಂದರಿಗೆ ಬಂದನು. ರಿಯೊ ಗ್ರಾಂಡೆ ನದಿಯಲ್ಲಿ ಬಿದಿರಿನ ತೆಪ್ಪಗಳ ಮೇಲೆ ಗೊನೆಗಳು ಕಡಲಿಗೆ ಇಳಿದವು. ೧೮೯೬ರಲ್ಲಿ ರೈಲುದಾರಿ ಪೋರ್ಟ್ ಆಂಟೋನಿಯೊವನ್ನು ಮುಟ್ಟಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ ದ್ವೀಪದ ಒಟ್ಟು ರಫ್ತಿನ ಮೌಲ್ಯದಲ್ಲಿ ಸುಮಾರು ಅರ್ಧ ಬಾಳೆಯಿಂದಲೇ ಬರುತ್ತಿತ್ತು. ಹಿಂದೆ ಅಸಡ್ಡೆ ಮಾಡಿದ ದೊಡ್ಡ ತೋಟಗಾರರೂ ಈಗ ಕಬ್ಬನ್ನು ಕಿತ್ತು ಬಾಳೆಯನ್ನು ನೆಟ್ಟರು.

೪. ಒಬ್ಬನೇ ಕೊಳ್ಳುವವನು

ಬೇಕರನೂ ಆಂಡ್ರ್ಯೂ ಪ್ರೆಸ್ಟನ್ ಎಂಬವನೂ ಕೂಡಿ ೧೮೮೫ರಲ್ಲಿ ಬಾಸ್ಟನ್ ಫ್ರೂಟ್ ಕಂಪೆನಿಯನ್ನು ಸ್ಥಾಪಿಸಿದರು. ಕೋಸ್ಟರೀಕದಲ್ಲಿ ರೈಲುದಾರಿ ಹಾಕಿ ಅದರ ಇಕ್ಕೆಲಗಳಲ್ಲಿ ಬಾಳೆ ಬೆಳೆಸಿದ ಮೈನರ್ ಕೀತ್‌ನ ಉದ್ಯಮಗಳು ಇದರೊಡನೆ ೧೮೯೯ರಲ್ಲಿ ಸೇರಿ ಯುನೈಟೆಡ್ ಫ್ರೂಟ್ ಕಂಪೆನಿ ಹುಟ್ಟಿತು. ಆ ಮೊದಲು ಹಲವು ಸಣ್ಣ ವ್ಯಾಪಾರಿಗಳು ಜಮೈಕಾದ ಬಂದರುಗಳಿಗೆ ಹಡಗು ತರುತ್ತಿದ್ದರು. ಅನಂತರ ಅವರಲ್ಲಿ ಹೆಚ್ಚಿನವರು ಕರಗಿಹೋದರು. ಹೊಸ ಕಂಪೆನಿ ಹಣ್ಣನ್ನು ಕೊಳ್ಳುವವನಾಗಿತ್ತು, ಸಾಗಿಸುವವನಾಗಿತ್ತು, ಅಮೆರಿಕದಲ್ಲಿ ಮಾರುವವನಾಗಿತ್ತು. ದ್ವೀಪದಲ್ಲಿ ಸ್ವಂತ ತೋಟಗಳನ್ನು ಹೊಂದಿ ಬೆಳೆಯುವವನೂ ಆಗಿತ್ತು. ಮಧ್ಯ ಅಮೆರಿಕದ ಹಲವು ದೇಶಗಳ ಹಣ್ಣೂ ಅದರ ಕೈಯಲ್ಲಿದ್ದಿತು. ೧೯೦೩ರ ಆಗಸ್ಟಿನಲ್ಲಿ ಚಂಡಮಾರುತ ಬೀಸಿ ಜಮೈಕಾದ ಬಾಳೆಯನ್ನು ನೆಲಕ್ಕೆ ಕೆಡಹಿದಾಗ ಒಕ್ಕಲಿಗನಿಗೆ ಆ ವರ್ಷದ ಆದಾಯವೇ ಹೋಯಿತು. ಕಂಪೆನಿ ಬೇರೆ ದೇಶದ ಹಣ್ಣಿನಿಂದ ತನ್ನ ಹಡಗುಗಳನ್ನು ತುಂಬಿಸಿಕೊಳ್ಳಬಲ್ಲದಾಗಿತ್ತು. ೧೯೧೫, ೧೯೧೬, ೧೯೧೭ ಈ ಮೂರು ವರ್ಷಗಳಲ್ಲಿ ಎಡೆಬಿಡದೆ ಬಿರುಗಾಳಿಗಳು ಬಂದಾಗಲೂ ಇದೇ ವ್ಯತ್ಯಾಸ ಕಾಣಿಸಿಕೊಂಡಿತು.

ಮಾರಾಟದ ಕ್ರಮವನ್ನು ತುಸು ವಿವರವಾಗಿ ನೋಡುವುದು ಅವಶ್ಯಕ. ಹಡಗು ಬರುವ ಸುದ್ದಿಯನ್ನು ಏಜೆಂಟರು ಹಳ್ಳಿಗಳಿಗೆ ಮುಟ್ಟಿಸುತ್ತಿದ್ದರು. ಒಕ್ಕಲಿಗನು ಕಾಯಿ ಹಸಿರಾಗಿರುವಾಗಲೇ ಗೊನೆಯನ್ನು ಕಡಿದು, ಕತ್ತೆಯ ಮೇಲೆ ಅಥವಾ ತಲೆಯ ಮೇಲೆ ಹೊತ್ತು, ರಸ್ತೆಯ ಬದಿಯ ಕಟ್ಟೆಗೋ ರೈಲು ನಿಲ್ದಾಣಕ್ಕೋ ಹಡಗುಕಟ್ಟೆಗೋ ತರುತ್ತಿದ್ದನು. ಅಲ್ಲಿ ಏಜೆಂಟನು ಒಂದೊಂದು ಗೊನೆಯನ್ನೂ ನೋಡಿ, ಜಜ್ಜಿದುದು, ಹೆಚ್ಚು ಬಲಿತುದು, ಸಣಕಲಾದುದು ಎಂದು ಕೆಲವನ್ನು ತಳ್ಳಿಹಾಕುವನು. ಕಡಿದ ಗೊನೆಯನ್ನು ಗಿಡಕ್ಕೆ ಮತ್ತೆ ಅಂಟಿಸುವಂತಿಲ್ಲ. ತಳ್ಳಿಹಾಕಿದ ಹಣ್ಣು ಸಂತೆಯ ಹೆಂಗಸರಿಗೆ ಸಿಕ್ಕ ಬೆಲೆಗೆ ಹೋಗಬೇಕು, ಇಲ್ಲವೇ ಮನೆಯ ಹಂದಿಗಳಿಗೆ ಹಾಕಬೇಕು. ಚೌಕಾಶಿ ಮಾಡಲು ಒಕ್ಕಲಿಗನಲ್ಲಿ ಉಳಿದಿರುತ್ತಿದ್ದುದು ಕೆಲವು ಗಂಟೆಗಳ ಅವಕಾಶ ಮಾತ್ರ.

ಅಂಗೀಕೃತವಾದ ಗೊನೆಗಳಿಗೂ ಒಂದು ವಿಚಿತ್ರವಾದ ಅಳತೆಯಿದ್ದಿತು. ಒಂಬತ್ತು ಅಥವಾ ಅದಕ್ಕಿಂತ ಹೆಚ್ಚು ಚಿಪ್ಪುಗಳಿರುವ ಗೊನೆಯನ್ನು ಮಾತ್ರ ಒಂದು ಪೂರ್ಣ ಗೊನೆಯೆಂದು ಎಣಿಸುತ್ತಿದ್ದರು. ಎಂಟು ಚಿಪ್ಪಿನದು ಮುಕ್ಕಾಲು ಗೊನೆ. ಏಳು ಚಿಪ್ಪಿನದು ಅರ್ಧ. ಆರು ಚಿಪ್ಪಿನದು ಕಾಲು. ವಿದ್ಯಾರ್ಥಿಗಳ ತಿಳಿವಳಿಕೆಗಾಗಿ ಒಂದು ಲೆಕ್ಕವನ್ನು ಹಾಕಿ ನೋಡೋಣ. ಒಬ್ಬ ಒಕ್ಕಲಿಗನು ಒಂಬತ್ತು, ಎಂಟು, ಏಳು, ಆರು ಚಿಪ್ಪುಗಳ ನಾಲ್ಕು ಗೊನೆಗಳನ್ನು ತಂದನೆನ್ನೋಣ. ಅವನು ಹೊತ್ತು ತಂದ ಚಿಪ್ಪುಗಳು ೩೦. ಒಂಬತ್ತು ಚಿಪ್ಪಿಗೆ ಒಂದು ಗೊನೆಯ ಬೆಲೆಯೆಂದರೆ ಅವನಿಗೆ ಮೂರೂಕಾಲು ಗೊನೆಗಿಂತ ತುಸು ಹೆಚ್ಚಿನ ಹಣ ಸಲ್ಲಬೇಕು. ಏಜೆಂಟನ ಪುಸ್ತಕದಲ್ಲಿ ಅವನ ಲೆಕ್ಕಕ್ಕೆ ಜಮೆಯಾಗುವುದು ಎರಡೂವರೆ ಗೊನೆ. ಆರು ಚಿಪ್ಪಿನ ಗೊನೆಯಲ್ಲಿ ಪೂರ್ಣ ಗೊನೆಯ ಮೂರರಲ್ಲೆರಡು ಭಾಗ ಹಣ್ಣಿದೆ. ಸಿಗುವ ಬೆಲೆ ನಾಲ್ಕರಲ್ಲೊಂದು ಭಾಗ. ಸಣ್ಣ ಗೊನೆಗಳಿಗೆ ಪೇಟೆಯಲ್ಲಿ ಬೇಡಿಕೆ ಕಡಿಮೆ, ಹಡಗಿನಲ್ಲಿ ಅವನ್ನು ಅಟ್ಟುವುದೂ ಕಷ್ಟ ಎಂಬ ವ್ಯಾಪಾರಿಯ ವಾದದಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಒಳ್ಳೆಯ ತಗ್ಗುನೆಲ, ಗೊಬ್ಬರ, ನೀರಾವರಿ ಇವುಳ್ಳ ದೊಡ್ಡ ತೋಟದಲ್ಲಿ ಒಂಬತ್ತು ಚಿಪ್ಪಿನ ಗೊನೆ ಹೆಚ್ಚಾಗಿ ಬರುತ್ತದೆ. ಬೆಟ್ಟದ ಇಳಿಜಾರಿನ ಒಕ್ಕಲಿಗೆ ಆರು ಏಳು ಚಿಪ್ಪಿನವೇ ಹೆಚ್ಚು. ಆದುದರಿಂದ ದರ ಎಲ್ಲರಿಗೂ ಒಂದೇ ಆಗಿದ್ದಾಗಲೂ ಅಳತೆಯು ಸಣ್ಣವನ ಪಾಲನ್ನು ಕಡಿಮೆ ಮಾಡುತ್ತಿತ್ತು. ಕಂದಾಯದ ಚರಿತ್ರೆಯಲ್ಲಿ ಅಳತೆಯ ಕೋಲಿಗೆ ಯಾವ ಮಹತ್ವವಿದೆಯೋ ಹಣ್ಣಿನ ಚರಿತ್ರೆಯಲ್ಲಿ ಈ ಚಿಪ್ಪಿನ ಲೆಕ್ಕಕ್ಕೆ ಅದೇ ಮಹತ್ವವಿದೆ.

ಹಡಗಿಗೆ ಹೇರುವ ಕೆಲಸ ಅನೇಕ ವೇಳೆ ರಾತ್ರಿಯೆಲ್ಲ ನಡೆಯುತ್ತಿತ್ತು. ಗಂಡಸರೂ ಹೆಂಗಸರೂ ತಲೆಯ ಮೇಲೆ ಗೊನೆ ಹೊತ್ತು ಸಾಲಾಗಿ ಲೆಕ್ಕದ ಗುಮಾಸ್ತನ ಮುಂದೆ ಹಾದುಹೋಗುತ್ತಿದ್ದರು. ಹ್ಯಾರಿ ಬೆಲಫಾಂಟೆಯ ಕಂಠದಿಂದ ೧೯೫೬ರಲ್ಲಿ ಜಗತ್ಪ್ರಸಿದ್ಧವಾದ ಬಾಳೆಯ ಹಾಡು ಮೂಲತಃ ಈ ಹೊರೆಯಾಳುಗಳ ಜನಪದ ಗೀತ. ಚಿಪ್ಪಿನ ಎಣಿಕೆ ಆ ಹಾಡಿನಲ್ಲಿಯೂ ಸೇರಿಕೊಂಡಿದೆ.

೫. ಎರಡನೆಯ ಕೊಳ್ಳುವವನಿಗಾಗಿ ಯತ್ನ

ಒಬ್ಬನೇ ಕೊಳ್ಳುವವನಿರುವುದರ ಅಪಾಯ ಸರಕಾರಕ್ಕೂ ತಿಳಿಯದಿರಲಿಲ್ಲ. ವಸಾಹತು ಮಂತ್ರಿ ಜೋಸೆಫ್ ಚೇಂಬರ್ಲೇನನ ಪ್ರೋತ್ಸಾಹದಿಂದ ಬ್ರಿಟನ್ನಿಗೆ ನೇರವಾಗಿ ಹಣ್ಣು ಸಾಗಿಸುವ ಹಡಗು ಸೇವೆಯೊಂದು ೧೯೦೧ರಲ್ಲಿ ಆರಂಭವಾಯಿತು. ಇದಕ್ಕೆ ವರ್ಷಕ್ಕೆ ೪೦,೦೦೦ ಪೌಂಡುಗಳ ಸಹಾಯಧನ ಗೊತ್ತಾಯಿತು. ತಂಪು ಕೋಣೆಗಳಿದ್ದ 'ಪೋರ್ಟ್ ಮೊರಾಂಟ್' ಎಂಬ ಹಡಗು ಆ ವರ್ಷ ಬ್ರಿಸ್ಟಲಿನ ಸಮೀಪದ ಏವನ್‌ಮತ್ ಬಂದರಿಗೆ ಬಾಳೆಯನ್ನು ಒಯ್ದಿತು. ಬ್ರಿಟನ್ನಿನಲ್ಲಿ ಮಾರುವುದಕ್ಕಾಗಿ ಎಲ್ಡರ್ಸ್ ಅಂಡ್ ಫೈಫ್ಸ್ ಎಂಬ ಕಂಪೆನಿಯೂ ಅದೇ ವರ್ಷ ಹುಟ್ಟಿತು. ಜಮೈಕಾದ ಬೆಳೆಗಾರನಿಗೆ ಕಡೆಗೂ ಎರಡನೆಯ ಬಾಗಿಲು ತೆರೆಯಿತೆಂದು ಜನ ಭಾವಿಸಿದರು.

ಆದರೆ ೧೯೦೨ರಲ್ಲಿಯೇ ಯುನೈಟೆಡ್ ಫ್ರೂಟ್ ಕಂಪೆನಿ ಈ ಹೊಸ ಕಂಪೆನಿಯಲ್ಲಿ ನೂರಕ್ಕೆ ೪೫ರಷ್ಟು ಪಾಲನ್ನು ಪಡೆಯಿತು. ೧೯೧೩ರ ಹೊತ್ತಿಗೆ ಅದು ಪೂರ್ಣವಾಗಿ ಅದರ ಹತೋಟಿಗೆ ಬಂದಿತು. ಎರಡು ದೇಶಗಳಲ್ಲಿ ಎರಡು ಹೆಸರುಗಳಿದ್ದರೂ ಹಿಂದಿದ್ದ ಯಜಮಾನನು ಒಬ್ಬನೇ. ಸರಕಾರದ ಹಣದಿಂದ ಸ್ಪರ್ಧೆಯನ್ನು ಹುಟ್ಟಿಸಬಹುದು. ಆ ಸ್ಪರ್ಧಿಯನ್ನು ಮಾರಾಟಕ್ಕಿಲ್ಲದಂತೆ ಮಾಡುವುದು ಬೇರೆ ಕೆಲಸವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಈ ನಡುವೆ ೧೮೯೫ರಲ್ಲಿ ಗವರ್ನರ್ ಹೆನ್ರಿ ಬ್ಲೇಕ್‌ನ ಕಾಲದಲ್ಲಿ ಸ್ಥಾಪಿತವಾದ ಜಮೈಕಾ ವ್ಯವಸಾಯ ಸಂಘವು ಹಳ್ಳಿಗಳಲ್ಲಿ ಶಾಖೆಗಳನ್ನು ತೆರೆಯುತ್ತ ಬಂದಿತು. ಸಣ್ಣ ಬೆಳೆಗಾರರು ಒಟ್ಟುಗೂಡಿ ಮಾತನಾಡುವ, ಲೆಕ್ಕ ಕೇಳುವ, ಮನವಿ ಬರೆಯುವ ಅಭ್ಯಾಸವನ್ನು ಈ ಶಾಖೆಗಳಲ್ಲಿ ಪಡೆದರು. ಮುಂದಿನ ಬೆಳವಣಿಗೆಗೆ ಇದು ಭೂಮಿಕೆಯಾಯಿತು.

೬. ಬೆಳೆಗಾರರ ಸಂಘ

೧೯೨೦ರ ದಶಕದ ಕೊನೆಯಲ್ಲಿ ಜಮೈಕಾ ಬಾಳೆ ಬೆಳೆಗಾರರ ಸಂಘ ಸ್ಥಾಪಿತವಾಗಿ ೧೯೨೯ರಲ್ಲಿ ಹಣ್ಣು ಸಾಗಿಸಲು ತೊಡಗಿತು. ಅದರ ತತ್ತ್ವ ಸರಳವಾದುದು. ಸದಸ್ಯನು ರಫ್ತಿಗೆ ಯೋಗ್ಯವಾದ ತನ್ನ ಹಣ್ಣನ್ನೆಲ್ಲ ಸಂಘಕ್ಕೇ ಕೊಡುವೆನೆಂದು ಕರಾರು ಬರೆದುಕೊಡಬೇಕು. ಹಣ್ಣು ಒಪ್ಪಿಸಿದಾಗ ಸಂಘ ಒಂದು ಬೆಲೆ ಕೊಡುತ್ತದೆ. ವಿದೇಶದಲ್ಲಿ ಮಾರಾಟವಾಗಿ ಖರ್ಚು ಕಳೆದು ಉಳಿದುದನ್ನು ಅನಂತರ ಹಂಚುತ್ತದೆ. ಹಡಗುಗಳಿಗೆ ಬೇಕಾದ ಸಾಲಕ್ಕೆ ಸರಕಾರದ ಬೆಂಬಲ ದೊರೆಯಿತು. 'ಜಮೈಕಾ ಪ್ರೊಡ್ಯೂಸರ್' ಮೊದಲಾದ ಹೆಸರುಗಳನ್ನು ಹೊತ್ತ ಹಡಗುಗಳು ಬೆಳೆಗಾರರ ಹಣ್ಣನ್ನು ಇಂಗ್ಲೆಂಡಿಗೆ ಒಯ್ದವು. ಸಾವಿರಾರು ಮಂದಿ ಸಣ್ಣ ಒಕ್ಕಲಿಗರು ಸದಸ್ಯರಾದರು. ಹಿಂದೆ ಕತ್ತೆಯ ಮೇಲೆ ಹೇರಿ ತಂದ ಹಣ್ಣಿನೊಡನೆ ಅವರ ಹಕ್ಕು ಕಟ್ಟೆಯಲ್ಲಿಯೇ ಮುಗಿಯುತ್ತಿತ್ತು. ಈಗ ಆ ಹಕ್ಕು ಕಡಲನ್ನು ದಾಟಿ ಪೇಟೆಯವರೆಗೆ ಹೋಯಿತು.

೧೯೩೨ರಲ್ಲಿ ಬ್ರಿಟನ್ ಸಾಮ್ರಾಜ್ಯದ ಹೊರಗಿನ ಬಾಳೆಯ ಮೇಲೆ ಟನ್ನಿಗೆ ೨ ಪೌಂಡು ೧೦ ಷಿಲ್ಲಿಂಗ್ ಸುಂಕ ಹಾಕಿದುದರಿಂದ ಜಮೈಕಾದ ಹಣ್ಣಿಗೆ ಅಲ್ಲಿನ ಪೇಟೆ ಇನ್ನೂ ಅನುಕೂಲವಾಯಿತು. ಯುನೈಟೆಡ್ ಫ್ರೂಟ್ ಕಂಪೆನಿಗೆ ಇಂಥ ಪ್ರತಿಸ್ಪರ್ಧಿಯನ್ನು ಕೊಂಡುಬಿಡುವುದು ಸುಲಭವಾಗಿರಲಿಲ್ಲ. ಏಕೆಂದರೆ ಇದರ ಪಾಲುದಾರರು ಬೆಟ್ಟದ ಹಳ್ಳಿಗಳಲ್ಲಿ ಚದರಿದ್ದರು. ಅದು ಬೇರೊಂದು ದಾರಿ ಹಿಡಿಯಿತು: ಹಣ್ಣು ಕೊಳ್ಳುವ ಕಟ್ಟೆಗಳಲ್ಲಿ ಸಂಘದ ಬೆಲೆಗಿಂತ ಹೆಚ್ಚಿನ ಬೆಲೆಯನ್ನು ಆಗಿಂದಾಗಲೇ ನಗದಾಗಿ ಕೊಡಲಾರಂಭಿಸಿತು.

ಸದಸ್ಯನ ಸಂಕಟವನ್ನು ಇಲ್ಲಿ ನಾವು ಸಹಾನುಭೂತಿಯಿಂದ ಅರಿಯಬೇಕು. ಸಂಘದ ಉಳಿದ ಹಂಚಿಕೆ ಬರುವುದು ತಿಂಗಳುಗಳ ಅನಂತರ, ಅದೂ ವ್ಯಾಪಾರ ಚೆನ್ನಾಗಿ ನಡೆದರೆ. ಮನೆಯಲ್ಲಿ ಸಾಲಗಾರನು ಕುಳಿತಿದ್ದಾನೆ, ಶಾಲೆಯ ಫೀಜು ಕಟ್ಟಬೇಕು, ಬಿರುಗಾಳಿಯಲ್ಲಿ ಹಾರಿದ ಮಾಳಿಗೆಯನ್ನು ಹೊದಿಸಬೇಕು. ಕಟ್ಟೆಯ ಆಚೆಗೆ ನಿಂತ ಏಜೆಂಟನು ಇಂದೇ ಹೆಚ್ಚು ಹಣ ಎಣಿಸುತ್ತೇನೆನ್ನುತ್ತಾನೆ. ಕರಾರನ್ನು ಮುರಿದು, ಬೇರೊಬ್ಬರ ಹೆಸರಿನಲ್ಲಿ ಹಣ್ಣನ್ನು ಮಾರಿದವರು ಅನೇಕರು. ಸಂಘದ ಹಡಗುಗಳು ಅಷ್ಟಷ್ಟೇ ಖಾಲಿಯಾಗಿ ಹೊರಟವು. ಹಡಗು ತುಂಬಿದರೂ ತುಂಬದಿದ್ದರೂ ಕಲ್ಲಿದ್ದಲಿನ ಖರ್ಚೂ ನಾವಿಕರ ಸಂಬಳವೂ ಸಾಲದ ಕಂತೂ ತಪ್ಪುವಂತಿರಲಿಲ್ಲ. ಒಬ್ಬ ಸದಸ್ಯನು ಬಿಟ್ಟುಹೋದಾಗ ಉಳಿದವರ ಖರ್ಚು ಏರಿ ಅವರ ಪಾಲು ಇಳಿಯುತ್ತಿತ್ತು; ಪಾಲು ಇಳಿದಂತೆ ಇನ್ನೊಬ್ಬನು ಬಿಡುತ್ತಿದ್ದನು.

ಪರಿಸ್ಥಿತಿ ಬಿಗಡಾಯಿಸಿದುದರಿಂದ ವಿಚಾರಣೆಗಾಗಿ ಆಯೋಗವೊಂದು ನೇಮಕವಾಯಿತು. ೧೯೩೬ರ ಆ ಬಾಳೆ ಆಯೋಗದ ಸಲಹೆಯಂತೆ ಸಂಘವು ಸಹಕಾರ ಸ್ವರೂಪವನ್ನು ಬಿಟ್ಟು ಸಾಮಾನ್ಯ ವ್ಯಾಪಾರ ಕಂಪೆನಿಯಾಗಿ ಮಾರ್ಪಟ್ಟಿತು. ಸದಸ್ಯರೆಲ್ಲರ ಹಣ್ಣೂ ಸಂಘಕ್ಕೇ ಬರಬೇಕೆಂಬ ಮೂಲತತ್ತ್ವ ಅಲ್ಲಿಗೆ ಮುಗಿಯಿತು. ಈ ಮಾತುಕತೆಗಳಲ್ಲಿ ಬೆಳೆಗಾರರ ಪರವಾಗಿ ನಿಂತ ವಕೀಲರು ನಾರ್ಮನ್ ಮ್ಯಾನ್ಲಿ. ಮುಂದೆ ೧೯೩೮ರಲ್ಲಿ ಪೀಪಲ್ಸ್ ನ್ಯಾಷನಲ್ ಪಾರ್ಟಿಯನ್ನು ಸ್ಥಾಪಿಸಿ ದ್ವೀಪದ ರಾಜಕೀಯ ನಾಯಕರಾದವರು. ಯುನೈಟೆಡ್ ಫ್ರೂಟ್ ಕಂಪೆನಿಯ ಮುಖ್ಯಸ್ಥ ಸ್ಯಾಮ್ ಜೆಮರಿ ರಫ್ತಾಗುವ ಗೊನೆಯೊಂದಕ್ಕೆ ಒಂದು ಸೆಂಟಿನಂತೆ ಗ್ರಾಮಕಲ್ಯಾಣಕ್ಕೆ ಕೊಡಲು ಮ್ಯಾನ್ಲಿಯವರೊಡನೆ ಒಪ್ಪಿದನು. ಆ ಹಣದಿಂದ ೧೯೩೭ರಲ್ಲಿ ಜಮೈಕಾ ವೆಲ್‌ಫೇರ್ ಎಂಬ ಸಂಸ್ಥೆ ಹುಟ್ಟಿ ಹಳ್ಳಿಗಳಲ್ಲಿ ಶಿಕ್ಷಣ, ಸಹಕಾರ, ಆರೋಗ್ಯಗಳ ಕೆಲಸವನ್ನು ಕೈಗೊಂಡಿತು.

೭. ವಿಮರ್ಶೆ

ಈ ಸಂಘವನ್ನು ಸೋಲೆಂದು ಕರೆಯುವವರು ಎರಡು ಸಂಗತಿಗಳನ್ನು ಮುಂದಿಡುತ್ತಾರೆ: ಸದಸ್ಯರ ನಿಷ್ಠೆ ನಿಲ್ಲಲಿಲ್ಲ, ಸಹಕಾರ ರೂಪ ಉಳಿಯಲಿಲ್ಲ. ಎರಡೂ ನಿಜ. ಆದರೆ ಕಂಪೆನಿಯು ಕಟ್ಟೆಗಳಲ್ಲಿ ಹೆಚ್ಚಿನ ಬೆಲೆ ಕೊಟ್ಟುದು ಏಕೆಂದು ಕೇಳಿದರೆ ಚಿತ್ರ ಬದಲಾಗುತ್ತದೆ. ಸಂಘವಿಲ್ಲದಿದ್ದಲ್ಲಿ ಆ ಹೆಚ್ಚಿನ ಬೆಲೆಗೆ ಕಾರಣವೇ ಇರುತ್ತಿರಲಿಲ್ಲ. ಸಂಘವನ್ನು ಮುರಿಯಲು ಕೊಟ್ಟ ಹಣವು ಸಂಘದಿಂದ ಹುಟ್ಟಿದ ಹಣವೇ ಆಗಿದ್ದಿತು. ಸದಸ್ಯನಾಗದೆ ಹೊರಗುಳಿದವನಿಗೂ, ಕರಾರು ಮುರಿದವನಿಗೂ ಅದರ ಫಲ ಸಿಕ್ಕಿತು. ಖರ್ಚಿನ ಹೊರೆ ಮಾತ್ರ ನಿಷ್ಠೆಯಿಂದ ಉಳಿದವರ ಮೇಲೆ ಬಿದ್ದಿತು. ಹೀಗೆ ಸಂಘದ ಉಪಕಾರವೇ ಸಂಘದ ಕ್ಷಯಕ್ಕೆ ಕಾರಣವಾಯಿತು. ಇದನ್ನು ಒಕ್ಕಲಿಗರ ನೈತಿಕ ದೌರ್ಬಲ್ಯವೆಂದು ವರ್ಣಿಸುವುದು ಚರಿತ್ರೆಗೆ ನ್ಯಾಯವಲ್ಲ. ಕಾಯುವ ಶಕ್ತಿಯಿಲ್ಲದವನ ಮುಂದೆ ಕಾಯುವ ಶಕ್ತಿಯುಳ್ಳವನು ಒಡ್ಡಿದ ಆಮಿಷ ಅದು. ಹಣ್ಣಿನಂತೆಯೇ ಒಕ್ಕಲಿಗನ ಅಗತ್ಯಗಳೂ ನಾಳೆಯವರೆಗೆ ನಿಲ್ಲುವಂಥವಲ್ಲ.

ಇದಕ್ಕೆ ಎದುರಾದ ಒಂದು ಅಂಶವನ್ನೂ ಮರೆಮಾಚಲಾಗದು. ಸಂಘದ ಆಡಳಿತದಲ್ಲಿ ದೊಡ್ಡ ತೋಟಗಾರರ ಮಾತೇ ಹೆಚ್ಚಾಗಿ ನಡೆಯಿತು. ತೋಟಗಳಲ್ಲಿಯೂ ಬಂದರುಗಳಲ್ಲಿಯೂ ಕೂಲಿಗೆ ದುಡಿಯುವವರಿಗೆ ಅದರಲ್ಲಿ ಸ್ಥಾನವಿರಲಿಲ್ಲ. ರಫ್ತು ತನ್ನ ಶಿಖರವನ್ನು ಮುಟ್ಟಿ ಗೊನೆಗಳ ಸಂಖ್ಯೆ ೨ ಕೋಟಿ ೭೦ ಲಕ್ಷಕ್ಕೆ ಸಮೀಪಿಸಿದುದು ೧೯೩೭ರಲ್ಲಿ; ದ್ವೀಪದಾದ್ಯಂತ ಕೂಲಿಗಾರರ ಗಲಭೆಗಳು ನಡೆದುದು ಅದರ ಮರುವರ್ಷ, ೧೯೩೮ರಲ್ಲಿ. ಮಾರಾಟ ಹೆಚ್ಚಿದುದರಿಂದಲೇ ಎಲ್ಲರ ಬಾಳು ಹಸನಾಯಿತೆಂದು ಹೇಳುವಂತಿಲ್ಲ.

೮. ಅನಂತರದ ಸಂಗತಿಗಳು

ಶಿಖರದ ಅನಂತರ ಇಳಿತ ಶೀಘ್ರವಾಗಿ ಬಂದಿತು. ಗ್ರೋ ಮಿಷೆಲ್ ತಳಿಯನ್ನು ಬೇರಿನಿಂದ ಕೊಲ್ಲುವ ಪನಾಮ ಸೊರಗು ರೋಗ ೧೯೧೧ರಲ್ಲಿಯೇ ದ್ವೀಪದಲ್ಲಿ ಕಾಣಿಸಿಕೊಂಡಿದ್ದಿತು. ಸಿಗಟೋಕ ಎಂಬ ಎಲೆಚುಕ್ಕೆ ರೋಗ ೧೯೩೬ರಲ್ಲಿ ಸೇರಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೦ರ ನವೆಂಬರಿನಲ್ಲಿ, ಬ್ರಿಟನ್ ಬಾಳೆಯ ಆಮದನ್ನೇ ನಿಲ್ಲಿಸಿತು. ಒಕ್ಕಲುಗಳು ಅಳಿಯದಿರಲೆಂದು ಸಾಗಿಸಲಾಗದ ಹಣ್ಣನ್ನೂ ಬ್ರಿಟಿಷ್ ಸರಕಾರ ಗೊತ್ತಾದ ದರದಲ್ಲಿ ಕೊಂಡಿತು. ಯುದ್ಧಾನಂತರ ರೋಗವನ್ನು ತಡೆಯುವ ಲಕಾಟನ್ ತಳಿ ಹರಡಿತು. ೧೯೫೩ರಲ್ಲಿ ಸ್ಥಾಪಿತವಾದ ಬಾಳೆ ಮಂಡಲಿ ರಫ್ತಿನ ಹೊಣೆಯನ್ನು ಹೊತ್ತಿತು. ಹಳೆಯ ವಸಾಹತುಗಳ ಹಣ್ಣಿಗೆ ಯೂರೋಪಿನಲ್ಲಿದ್ದ ವಿಶೇಷ ಸೌಲಭ್ಯವನ್ನು ವಿಶ್ವ ವ್ಯಾಪಾರ ಸಂಸ್ಥೆಯು ೧೯೯೭ರಲ್ಲಿ ಅಕ್ರಮವೆಂದು ನಿರ್ಣಯಿಸಿತು. ೨೦೦೭ ಮತ್ತು ೨೦೦೮ರ ಚಂಡಮಾರುತಗಳ ಅನಂತರ ದ್ವೀಪದ ಮುಖ್ಯ ರಫ್ತುದಾರರಾದ ಜಮೈಕಾ ಪ್ರೊಡ್ಯೂಸರ್ಸ್ ಕಂಪೆನಿಯವರು ಬಾಳೆಯ ರಫ್ತನ್ನೇ ನಿಲ್ಲಿಸಿದರು. ಆ ಕಂಪೆನಿ ೧೯೨೯ರಲ್ಲಿ ಹಣ್ಣು ಸಾಗಿಸಲು ತೊಡಗಿದ ಸಂಘದ ವಂಶದ್ದೇ ಆಗಿದೆ. ಅನಂತರ ಅದು ಬಾಳೆಯನ್ನು ದ್ವೀಪದ ಪೇಟೆಗೂ ಚಿಪ್ಸಿನ ತಯಾರಿಕೆಗೂ ತಿರುಗಿಸಿತು.

ನಮ್ಮ ನಾಡಿನ ಓದುಗರಿಗೆ ಇದರಲ್ಲಿ ಎರಡು ಹತ್ತಿರದ ಸಂಗತಿಗಳುಂಟು. ಗ್ರೋ ಮಿಷೆಲನ್ನು ಅಳಿಸಿದ ಸೊರಗು ರೋಗವೇ ನಂಜನಗೂಡಿನ ರಸಬಾಳೆಯ ತೋಟಗಳನ್ನೂ ಕ್ಷೀಣಗೊಳಿಸಿತು. ಮಾರಾಟದ ವಿಷಯದಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು, ತೋಟಗಾರಿಕೆ ಇಲಾಖೆಯ ಡಾ. ಎಂ. ಎಚ್. ಮರೀಗೌಡರ ಪ್ರೋತ್ಸಾಹದಿಂದ, ೧೯೫೯ರಲ್ಲಿ ಸಹಕಾರ ಸಂಘವೊಂದನ್ನು ಕಟ್ಟಿದರು. ಅದೇ ಮುಂದೆ ಹಾಪ್‌ಕಾಮ್ಸ್ ಆಗಿ ಬೆಳೆಯಿತು. ಜಮೈಕಾದ ಸಂಘವು ಕಡಲಾಚೆಯ ಪೇಟೆಗಾಗಿ ಸಾಲ ಮಾಡಿ ಹಡಗು ಕೊಳ್ಳಬೇಕಾಯಿತು. ಬೆಂಗಳೂರಿನ ಸಂಘಕ್ಕೆ ಪೇಟೆ ಊರೊಳಗೇ ಇದ್ದುದರಿಂದ ಬೀದಿಬದಿಯ ಮಳಿಗೆಗಳೇ ಸಾಕಾದವು. ಎರಡರ ಆಯುಷ್ಯದ ವ್ಯತ್ಯಾಸಕ್ಕೆ ಸದಸ್ಯರ ಸ್ವಭಾವಕ್ಕಿಂತ ಈ ದೂರವೇ ಹೆಚ್ಚಿನ ಕಾರಣವೆಂದು ನಾವು ಊಹಿಸುತ್ತೇವೆ.

೯. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸಿದ್ಧವಾಗುತ್ತವೆ. ಒಂದನೆಯದಾಗಿ, ಸಣ್ಣ ಒಕ್ಕಲು ಹೊಸ ಬೆಳೆಯನ್ನು ಸ್ವೀಕರಿಸುವುದರಲ್ಲಿ ಹಿಂಜರಿಯಲಿಲ್ಲ. ದೊಡ್ಡ ತೋಟಗಾರನಿಗಿಂತ ಮುಂದಾಗಿಯೇ ಇದ್ದಿತು. ಎರಡನೆಯದಾಗಿ, ಅದರ ಆದಾಯವನ್ನು ನಿರ್ಣಯಿಸಿದುದು ಇಳುವರಿಗಿಂತ ಹೆಚ್ಚಾಗಿ ಹಡಗಿನ ಒಡೆತನ ಮತ್ತು ಚಿಪ್ಪಿನ ಲೆಕ್ಕ. ಮೂರನೆಯದಾಗಿ, ಬೆಳೆಗಾರರ ಸಂಘದ ಸಾಫಲ್ಯವನ್ನು ಅದರ ಆಯುಷ್ಯದಿಂದ ಅಳೆಯುವುದು ಸಾಲದು. ಅದು ಇದ್ದ ಕಾಲದಲ್ಲಿ ಹೊರಗಿನವರಿಗೂ ದೊರೆತ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಬೇಕು.

ಈ ಮೂರನೆಯ ಅಂಶ ನಮ್ಮ ವಿದ್ಯಾರ್ಥಿಗಳ ಸಂಶೋಧನೆಗೆ ಉಪಯುಕ್ತವಾದೀತು. ನಮ್ಮ ಜಿಲ್ಲೆಗಳಲ್ಲಿ ಸ್ಥಾಪಿತವಾಗಿ ಮುಚ್ಚಿಹೋದ ಮಾರಾಟ ಸಹಕಾರ ಸಂಘಗಳು ಕಡಿಮೆಯಲ್ಲ. ಅವುಗಳ ನಡವಳಿ ಪುಸ್ತಕಗಳು, ಮಂಡಿಗಳ ಪಟ್ಟಿಗಳು, ಒಕ್ಕಲು ಮನೆಗಳ ಚೀಟಿಗಳು ಗೆದ್ದಲ ಪಾಲಾಗುವ ಮೊದಲು ಅವನ್ನು ಓದಿ, ಸಂಘವಿದ್ದ ವರ್ಷಗಳಲ್ಲಿ ಸಂಘದ ಹೊರಗಿನ ದಲಾಲಿಯು ಯಾವ ಬೆಲೆ ಕೊಟ್ಟನು, ಅದು ಮುಚ್ಚಿದ ಮರುವರ್ಷ ಯಾವ ಬೆಲೆ ಕೊಟ್ಟನು ಎಂಬುದನ್ನು ಹೋಲಿಸಿ ನೋಡಬೇಕು. ಅಂಥ ಹೋಲಿಕೆ ದೊರೆಯುವವರೆಗೆ ಆ ಸಂಘಗಳನ್ನು ಸೋತವೆಂದು ಬರೆಯಲು ನಮಗೆ ಆಧಾರವಿಲ್ಲ.